ಇಂಗ್ಲೆಂಡಿನ ಡ್ರೈವರಿಗೆ ನಾನು ಕಲಿಸಿದ ನಾಲ್ಕು ಮಾತು

ಆಸ್ಟ್ರೇಲಿಯಾದಲ್ಲಿ ಸಾರು ಕುಡಿಸಿ ರೇಸ್ ಕಾರು ಓಡಿಸಿದ ಮೊದಲನೆಯವನು ನಾನು. ಎರಡನೆಯವನು ಇನ್ನೂ ಹುಟ್ಟಿಲ್ಲ. ಹುಟ್ಟಿದರೂ ಅವನಿಗೆ ನನ್ನ ಹೆಂಡತಿಯ ಕೈಯ ಜೀರಿಗೆ ಮೆಣಸಿನ ಸಾರು ಸಿಗಬೇಕಲ್ಲ!

ಬೇಸಿಗೆಯಲ್ಲಿ ರೇಸ್ ಕಾರಿನೊಳಗೆ ಕೂರುವುದೂ ಒಂದೇ, ಇಡ್ಲಿ ಪಾತ್ರೆಯೊಳಗೆ ಕೂರುವುದೂ ಒಂದೇ. ಅದಕ್ಕೇ ಡ್ರೈವರಿನ ಪಕ್ಕದಲ್ಲಿ ಒಂದು ಬಾಟಲಿ ಕಟ್ಟಿ, ಅದರಿಂದ ಸಣ್ಣ ಪೈಪನ್ನು ಹೆಲ್ಮೆಟ್ಟಿನೊಳಕ್ಕೆ ಬಿಟ್ಟಿರುತ್ತಾರೆ. ಅವನು ಓಡಿಸುತ್ತಲೇ ಹೀರಿಕೊಳ್ಳಬಹುದು. ಮೆಲ್ಬರ್ನಿನ ಒಂದು ರೇಸಿನ ದಿನ ಆ ಬಾಟಲಿಯ ಶರಬತ್ತನ್ನು ಚೆಲ್ಲಿ, ಮನೆಯಿಂದ ತಂದಿದ್ದ ಸಾರನ್ನು ಸೋಸಿ, ಐಸಿನಲ್ಲಿ ತಣ್ಣಗೆ ಮಾಡಿ ತುಂಬಿಸಿದೆ. ಮೂರನೇ ಸುತ್ತಿನಲ್ಲಿ ರೇಡಿಯೋದಲ್ಲಿ ಕೆಮ್ಮು ಕೇಳಿಸಿತು. ಆಮೇಲೆ ಬೈಗುಳ. ಆಮೇಲೆ, "ಗುರೂ, ಏನಿದು?"

"ಔಷಧಿ," ಅಂದೆ.

ರೇಸ್ ಮುಗಿದಾಗ ಬಾಟಲಿ ಖಾಲಿಯಾಗಿತ್ತು. ಮುಂದಿನ ರೇಸಿಗೆ ಅವನೇ ಬಂದು, "ಔಷಧಿ ಎಲ್ಲಿ?" ಎಂದು ಕೇಳಿದ.

ಅವನು ಇಂಗ್ಲೆಂಡಿನವನು. ಕನ್ನಡದಲ್ಲಿ ಮಾತಾಡುತ್ತಿದ್ದನೆಂದು ನೀವು ತಿಳಿಯಬೇಡಿ. ಅವನ ಇಂಗ್ಲಿಷನ್ನೂ ನಮ್ಮ ಓನರಿನ ಇಂಗ್ಲಿಷನ್ನೂ ನಾನು ಇಲ್ಲಿ ನಮ್ಮ ಕಲಾಸಿಪಾಳ್ಯದ ಕನ್ನಡಕ್ಕೆ ಇಳಿಸಿದ್ದೇನೆ. ಅಸಲಿಗಿಂತ ಚೆನ್ನಾಗಿಯೇ ಬಂದಿದೆ. "ಗುರು" ಎನ್ನುವುದು ಮಾತ್ರ ಅವನ ಬಾಯಿಂದಲೇ ಬಂದ ಮಾತು. ನಾನು ಫೋನಿನಲ್ಲಿ ಸಿಡ್ನಿಯ ಷಡ್ಡಕನ ಜೊತೆ "ಏನ್ ಗುರೂ, ಹೆಂಗೆ ಗುರೂ" ಎನ್ನುವುದನ್ನು ಕೇಳಿ, ಹಾಗಂದರೇನು ಎಂದು ಒಮ್ಮೆ ಕೇಳಿದ್ದ. ನಮ್ಮ ದೇಶದಲ್ಲಿ ದೊಡ್ಡ ಮೆಕ್ಯಾನಿಕ್‌ಗಳಿಗೆ ಕೊಡುವ ಬಿರುದು ಎಂದೆ. ಅಂದಿನಿಂದ ನಾನು ಅವನಿಗೆ ಗುರು. ನನ್ನ ಹೆಂಡತಿಯ ಮುಂದೆ ನಾನು ಅವನನ್ನು ಕರೆಯುತ್ತಿದ್ದದ್ದು ದೊರೆ ಎಂದು. ಬ್ರಿಟಿಷರವನಲ್ಲವೇ, ಮತ್ತೇನನ್ನಲಿ?

ನಾನು ಕಲಾಸಿಪಾಳ್ಯದ ಗ್ಯಾರೇಜುಗಳಲ್ಲಿ ಲಾರಿ ಬಿಚ್ಚಿ ಕಟ್ಟಿ ಬೆಳೆದವನು. ಐಟಿಯವರು ಹಿಂಡು ಹಿಂಡಾಗಿ ಬರುವುದಕ್ಕೆ ಎಷ್ಟೋ ಮೊದಲೇ ಮೆಲ್ಬರ್ನಿಗೆ ಬಂದು ಸೇರಿದೆ. ಈಗ ನಾನಿರುವ ಕ್ಲೈಡ್ ನಾರ್ತ್‌ನಲ್ಲಿ ಕೂಗಿದರೆ ಹತ್ತು ಮನೆಯಿಂದ ಕನ್ನಡದಲ್ಲಿ "ಏನ್ ಅಂಕಲ್" ಎನ್ನುತ್ತಾರೆ. ಆಗ ಅಲ್ಲಿ ಹಸು ಮೇಯುತ್ತಿದ್ದವು. ನಾವಿದ್ದದ್ದು ಡ್ಯಾಂಡನಾಂಗ್‌ನಲ್ಲಿ. ಮನೆಯ ಹತ್ತಿರದ ತಗಡಿನ ಶೆಡ್ಡಿನಲ್ಲಿದ್ದ ಒಂದು ಪುಟ್ಟ ರೇಸ್ ಟೀಮಿನಲ್ಲಿ ನನಗೆ ಕೆಲಸ. ಟೂರಿಂಗ್ ಕಾರ್ ರೇಸ್ ಅಂತ. ಹೊರಗಿನಿಂದ ನೋಡಿದರೆ ಮನೆಮಂದಿ ಓಡಾಡುವ ಕಾರು, ಒಳಗೆ ನೋಡಿದರೆ ಒಂದು ಸೀಟು, ಸುತ್ತ ಕಬ್ಬಿಣದ ಪಂಜರ. ಗೆರೆ ಹಾಕಿದ ಹಾಗೆ ಓಡುವ ರೇಸಲ್ಲ ಅದು. ಮೆಜೆಸ್ಟಿಕ್ಕಿನಲ್ಲಿ ಸಿಟಿ ಬಸ್ಸುಗಳು ಒಂದಕ್ಕೊಂದು ಮೈ ಉಜ್ಜುತ್ತಾ ನುಗ್ಗುತ್ತವಲ್ಲ, ಹಾಗೆ.

ದೊರೆಯ ಅಪ್ಪ ಉತ್ತರ ಇಂಗ್ಲೆಂಡಿನ ಒಂದೂರಿನಲ್ಲಿ ಮನೆಮನೆಗೆ ಬ್ರೆಡ್ಡು ಹಾಕುವ ವ್ಯಾನ್ ಓಡಿಸುತ್ತಿದ್ದನಂತೆ. ಮಗ ಸಣ್ಣ ಗೋ-ಕಾರ್ಟುಗಳಲ್ಲಿ ಶುರುಮಾಡಿ, ಇಪ್ಪತ್ತು ದಾಟುವಷ್ಟರಲ್ಲಿ ಅಲ್ಲಿಯ ಟೂರಿಂಗ್ ಕಾರುಗಳಿಗೆ ಬಂದ. ಗೆದ್ದ. ಟೀವಿಯಲ್ಲಿ ಬಂದ. ಒಂದು ವರ್ಷ ಚಾಂಪಿಯನ್ ಆಗುವುದು ಕೊನೆಯ ರೇಸಿನಲ್ಲಿ ತಪ್ಪಿತು. ಅದರ ವಿಡಿಯೋ ಕ್ಯಾಸೆಟ್ಟನ್ನು ಇಲ್ಲಿಗೆ ತಂದಿದ್ದ. ನಮ್ಮ ಮನೆಯಲ್ಲಿ ಅದನ್ನು ಹಾಕಿ, ನಾನು ಹಳೇ ಕ್ರಿಕೆಟ್ ಕಾಮೆಂಟರಿಯ ಧಾಟಿಯಲ್ಲಿ ಕನ್ನಡದಲ್ಲಿ ಕೂಗುತ್ತಿದ್ದರೆ ಅವನು ಅರ್ಥವಾಗದೆಯೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಕೊನೆಯ ಸುತ್ತು ಬರುವಾಗ ಮಾತ್ರ ಎದ್ದುಹೋಗಿ ನೀರು ಕುಡಿದು ಬರುತ್ತಿದ್ದ. ಎರಡು ಸಾವಿರದ ಇಸವಿಯ ಸುಮಾರಿಗೆ ಅಲ್ಲಿ ದೊಡ್ಡ ಕಾರ್ ಕಂಪನಿಗಳೆಲ್ಲ ರೇಸಿನಿಂದ ಕೈ ತೊಳೆದುಕೊಂಡವು. ಅವನ ಸೀಟು ಹೋಯಿತು. ಸ್ವಲ್ಪ ಕಾಲ ಬರ್ತ್‌ಡೇ ಗಿಫ್ಟಿಗೆಂದು ಬಂದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಟ್ರ್ಯಾಕಿನ ಸುತ್ತ ಓಡಿಸಿದ. ನಲವತ್ತರ ಹತ್ತಿರ ಬಂದಾಗ, ಹೆಂಡತಿಯನ್ನೂ ಒಂಬತ್ತು ವರ್ಷದ ಮಗಳನ್ನೂ ಅಲ್ಲೇ ಬಿಟ್ಟು, ನಮ್ಮ ತಗಡಿನ ಶೆಡ್ಡಿಗೆ ಬಂದ. ಒಂದು ವರ್ಷದ ಮಟ್ಟಿಗೆ.

ಬಂದ ದಿನವೇ ಬಗ್ಗಿ ಕಾರಿನಡಿ ನೋಡಿ, "ಇದನ್ನು ಬೆಸೆದವನು ಯಾರು?" ಎಂದ. "ನಾನು," ಎಂದೆ. "ಕೈ ಚೆನ್ನಾಗಿದೆ," ಎಂದ. ಅಷ್ಟು ವರ್ಷದಲ್ಲಿ ನಮ್ಮ ಓನರ್ ಆಡದ ಮಾತು ಅದು. ಓನರ್ ಆಸ್ಟ್ರೇಲಿಯಾದವನು, ಒಳ್ಳೆಯವನೇ, ಆದರೆ ಅವನ ಬಾಯಿಂದ ಹೊಗಳಿಕೆ ಬರುವುದೆಂದರೆ ಬೋಳುತಲೆಯಿಂದ ಹೇನು ಬಂದ ಹಾಗೆ.

ರೇಡಿಯೋದಲ್ಲಿ ಡ್ರೈವರಿನ ಜೊತೆ ಮಾತಾಡುವುದು ಮೊದಲು ಓನರಿನ ಕೆಲಸವೇ ಆಗಿತ್ತು. ಅವನು ಮಾತಾಡುತ್ತಿರಲಿಲ್ಲ, ಅರಚುತ್ತಿದ್ದ. ಎರಡು ರೇಸ್ ಸಹಿಸಿಕೊಂಡ ದೊರೆ, "ಗುರು ಮಾತಾಡ್ಲಿ, ಇಲ್ದಿದ್ರೆ ನಾನು ವೈರ್ ಕಿತ್ತಾಕ್ತೀನಿ," ಎಂದ. ಹೆಡ್‌ಫೋನು ನನ್ನ ತಲೆಗೆ ಬಂತು. ಅದೇ ಹೊತ್ತಿಗೆ ಇನ್ನೊಂದು ಸಂಗತಿ ತಿಳಿಯಿತು. ಬೇರೆ ಟೀಮಿನವರು ನಮ್ಮ ರೇಡಿಯೋ ಕದ್ದು ಕೇಳುತ್ತಿದ್ದರು. ನಾವು ಡ್ರೈವರನ್ನು ಟೈರು ಬದಲಿಸಲು ಒಳಗೆ ಕರೆದರೆ ಅವರೂ ಕರೆಯುತ್ತಿದ್ದರು.

"ಕನ್ನಡದಲ್ಲಿ ಹೇಳಿದ್ರೆ ಯಾವನಿಗೆ ಗೊತ್ತಾಗುತ್ತೆ?" ಎಂದೆ ನಾನು.

ಓನರ್ ಮೊದಲು ನಕ್ಕ, ಆಮೇಲೆ ನಗುವುದನ್ನು ನಿಲ್ಲಿಸಿದ. ಹೀಗೆ ದೊರೆಗೆ ನಾನು ನಾಲ್ಕು ಮಾತು ಕಲಿಸಿದೆ. ಬಾ ಎಂದರೆ ಈ ಸುತ್ತು ಮುಗಿಯುತ್ತಲೇ ಟೈರು ಬದಲಿಸುವ ಜಾಗಕ್ಕೆ, ಅಂದರೆ ಪಿಟ್ಟಿಗೆ, ಒಳಗೆ ಬರಬೇಕು. ಬೇಡ ಎಂದರೆ ಬರಬಾರದು. ನಿಧಾನ ಎಂದರೆ ಪೆಟ್ರೋಲು ಉಳಿಸಬೇಕು. ಹೋಗು ಎಂದರೆ ಪಿಟ್ಟಿನಲ್ಲಿ ಕೆಲಸ ಮುಗಿಯಿತು, ಹೊರಡಬಹುದು. ಪಿಟ್ಟಿನಲ್ಲಿ ಕಾರಿನ ಮುಂದೆ ಹಲಗೆ ಅಡ್ಡ ಹಿಡಿದು ನಿಲ್ಲುವವನೂ ನಾನೇ. ನಾಲ್ಕೂ ಟೈರು ಕೂತ ಮೇಲೆ ಹಲಗೆ ಎತ್ತಿ "ಹೋಗು" ಎನ್ನುವುದು. ಅವನ ನಾಲಗೆಗೆ ಅದು "ಹೋಗೂ" ಆಗಿ, ಆಮೇಲೆ ಇಡೀ ಶೆಡ್ಡಿಗೇ ಹಬ್ಬಿ, ಓನರ್ ಕೂಡ ಊಟದ ಹೊತ್ತಿಗೆ ನಮ್ಮನ್ನು "ಹೋಗೂ, ಹೋಗೂ" ಎಂದು ಅಟ್ಟುತ್ತಿದ್ದ. ಪಕ್ಕದ ಟೀಮಿನವನೊಬ್ಬ ನನ್ನ ಹತ್ತಿರ ಬಂದು ಅದು ಯಾವ ಭಾಷೆ ಎಂದು ಕೇಳಿದಾಗ, ಹಳೇ ಸ್ಕಾಟ್ಲೆಂಡಿನದು ಎಂದು ಹೇಳಿ ಕಳಿಸಿದೆ. ಪಾಪ, ಅವನು ಒಬ್ಬ ಸ್ಕಾಟಿಶ್ ಅಜ್ಜನನ್ನು ಹುಡುಕಿಕೊಂಡು ಹೋಗಿದ್ದನಂತೆ.

ಆ ವರ್ಷ ನಮ್ಮದು ಚೆನ್ನಾಗಿ ನಡೆಯಿತು. ಕೊನೆಯ ರೇಸು ಸಿಡ್ನಿಯಲ್ಲಿ. ಅದಕ್ಕೆ ಹತ್ತು ದಿನವಿರುವಾಗ ಓನರ್ ದೊರೆಯನ್ನು ಕರೆದು ಮಾತಾಡಿದ. ನಮ್ಮ ಕಾರಿನ ಮೇಲೆ ಹೆಸರು ಬರೆಸಿ ದುಡ್ಡು ಕೊಡುತ್ತಿದ್ದವನು ಮೆಲ್ಬರ್ನಿನ ಒಬ್ಬ ಟೈಲ್ಸ್ ವ್ಯಾಪಾರಿ. ಅವನು ಸಿಡ್ನಿಗೆ ಬರುತ್ತಿದ್ದಾನೆ. ಮೊದಲ ಐದರೊಳಗೆ ಮುಗಿಸಿದರೆ ಮುಂದಿನ ಎರಡು ವರ್ಷ ಸೀಟು ದೊರೆಗೇ. ಇಲ್ಲದಿದ್ದರೆ ಆ ವ್ಯಾಪಾರಿಯ ಕಣ್ಣು ಇಲ್ಲಿಯ ಇನ್ನೊಬ್ಬ ಡ್ರೈವರಿನ ಮೇಲಿದೆ, ಇವನಿಗಿಂತ ಹದಿನೈದು ವರ್ಷ ಚಿಕ್ಕವನು.

ಎರಡು ವರ್ಷದ ಕಾಗದ ಕೈಗೆ ಬಂದರೆ ವೀಸಾ ಆಗುತ್ತದೆ, ಹೆಂಡತಿ ಮಗಳು ಬರುತ್ತಾರೆ. ಅವನು ನನಗೆ ಹೇಳಿದ್ದು ಇಷ್ಟೇ: "ಗುರೂ, ಮಗಳು ಫೋನಲ್ಲಿ ಮಾತಾಡೋದು ಕಮ್ಮಿ ಮಾಡ್ಬಿಟ್ಟಿದಾಳೆ. ಇನ್ನೊಂದು ವರ್ಷ ಹಿಂಗೇ ಆದ್ರೆ ನಾನು ಅವಳಿಗೆ ಯಾರೋ ಆಗೋಗ್ತೀನಿ."

ಸಿಡ್ನಿಯಲ್ಲಿ ರೇಸಿನ ಹಿಂದಿನ ದಿನ, ಶನಿವಾರ, ಟೂಂಗಾಬಿಯಲ್ಲಿದ್ದ ನನ್ನ ನಾದಿನಿಯ ಮನೆಯಲ್ಲಿ ಮಧ್ಯಾಹ್ನದ ಊಟ. ನನ್ನ ಹೆಂಡತಿ ಎರಡು ದಿನ ಮೊದಲೇ ಬಂದು ತಂಗಿಯ ಅಡುಗೆಮನೆಯನ್ನು ವಶಪಡಿಸಿಕೊಂಡಿದ್ದಳು. ದೊರೆಯನ್ನೂ ಕರೆದುಕೊಂಡು ಹೋದೆ. ನನ್ನ ಷಡ್ಡಕ ನಾರ್ತ್ ಸಿಡ್ನಿಯ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಕೆಲಸದವನು. ಎದುರಿಗೆ ಯಾರು ಕೂತರೂ ಮಾರ್ಟ್‌ಗೇಜು, ಅಂದರೆ ಮನೆ ಸಾಲದ ಬಡ್ಡಿಯ ಬಗ್ಗೆಯೇ ಮಾತಾಡುವ ಪ್ರಾಣಿ.

"ನೀವು ಮೆಲ್ಬರ್ನಲ್ಲೇ ಮನೆ ತಗೊಂಡ್ಬಿಡಿ, ರೆಂಟ್ ಕಟ್ಟೋದು ವೇಸ್ಟು," ಎಂದು ಇಂಗ್ಲಿಷಿನಲ್ಲಿ ದೊರೆಗೆ ಶುರುಮಾಡಿದ.

"ಅಯ್ಯೋ ಬಿಡಯ್ಯ, ಅವನು ಗಂಟೆಗೆ ಇನ್ನೂರೈವತ್ತು ಕಿಲೋಮೀಟರಲ್ಲಿ ಹೋದ್ರೂ ಭಯ ಬೀಳಲ್ಲ, ನಿನ್ ಬಡ್ಡಿ ಕೇಳಿ ಬೆವರ್ತಾವ್ನೆ," ಎಂದೆ.

"ನಿಮ್ಗೆಲ್ಲ ತಮಾಷೆ ಭಾವ. ನಾಳೆ ಗೆದ್ರೆ ಮುಂದೆ ಪಿಆರ್ ಕೂಡ ಆಗುತ್ತೆ ಅವ್ರಿಗೆ, ಇಲ್ಲೇ ಖಾಯಂ ಇರ್ಬಹುದು, ಪ್ಲಾನ್ ಮಾಡ್ಬೇಡ್ವಾ?"

"ಗೆಲ್ಲೋದಲ್ಲ ಕಣೋ, ಐದರೊಳಗೆ ಬಂದ್ರೆ ಸಾಕು. ಅದೂ ನಾನಿದೀನಲ್ಲ, ಮೂರರೊಳಗೆ ತರ್ತೀನಿ."

ಈ ಮಾತನ್ನು ನಾನು ಆಡಿದ್ದೇನೆ. ಹೋಳಿಗೆ ಬಾಯಲ್ಲಿಟ್ಟುಕೊಂಡು, ಎಲ್ಲರ ಮುಂದೆ.

ಊಟವಾದ ಮೇಲೆ ದೊರೆ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತ. ನನ್ನ ಹೆಂಡತಿಯನ್ನು ಮೆಚ್ಚಿಸಬೇಕೆಂದು, ತನಗೆ ಗೊತ್ತಿದ್ದ ನಾಲ್ಕು ಮಾತುಗಳಲ್ಲಿ ಒಂದನ್ನು ಆರಿಸಿ, ಎದೆ ತಟ್ಟಿಕೊಂಡು, "ಆಂಟಿ, ಹೋಗೂ," ಎಂದ. ತಾನು ಹೊರಟೆ ಎಂದು ಅವನ ಅರ್ಥ.

ನಾದಿನಿ ಸೆರಗು ಬಾಯಿಗೆ ಒತ್ತಿಕೊಂಡಳು. ನನ್ನ ಹೆಂಡತಿ ಮಾತ್ರ ನಗಲಿಲ್ಲ. "ಅಯ್ಯೋ ಶಿವನೇ, ಹೊಸಿಲ ಮೇಲೆ ನಿಂತು ಎಂಥ ಮಾತು! ರೀ, ಇದೇ ಏನ್ರೀ ನೀವು ಅವನಿಗೆ ಕಲಿಸಿರೋದು?"

"ಅದು ರೇಡಿಯೋಗೆ ಕಣೇ. ಕಾರು ಬಿಡೋವಾಗ ಹೋಗು ಅನ್ನೋದು."

"ಹೋಗು ಅಂತ ಹಾಲಿನವನಿಗೂ ಅಂದವಳಲ್ಲ ನಾನು. ಅಂಥ ಕಾರಲ್ಲಿ ಕೂತು ಹೊರಡೋನಿಗೆ ಹೋಗು ಅಂತೀರಾ? ಹೋಗ್ಬಾ ಅನ್ನೋಕೆ ನಾಲಗೆ ಬೀಳುತ್ತಾ? ನಾಳೆ ಒಂದಿನ ಆದ್ರೂ ನೆಟ್ಟಗೆ ಹೇಳಿ. ಹೆಂಡ್ತಿ ಮಗು ಇರೋನು."

"ಆಯ್ತು ಮಾರಾಯ್ತಿ," ಎಂದೆ, ಬಾಯಿ ಮುಚ್ಚಿಸಲು. ದೊರೆ ಏನು ಗಲಾಟೆ ಎಂದು ಕೇಳಿದ. "ಸಾರಿಗೆ ಉಪ್ಪು ಕಮ್ಮಿ ಅಂದೆಯಲ್ಲ, ಅದಕ್ಕೆ ಬೈತಿದಾಳೆ," ಎಂದೆ. ಅವನು ಗಾಬರಿಯಾಗಿ, ತಾನು ಹಾಗೆ ಅಂದೇ ಇಲ್ಲವೆಂದು ಅವಳಿಗೆ ಕೈ ಮುಗಿದ. ಆ ಒಂದು ನಿಮಿಷದಲ್ಲಿ ತಮಾಷೆ ಬಿಟ್ಟು ಹೋಗ್ಬಾ ಎನ್ನುವುದರ ಅರ್ಥವನ್ನು ಅವನಿಗೆ ಹೇಳಿದ್ದರೆ ಆಗುತ್ತಿತ್ತು. ನನ್ನ ಬಾಯಿಗೆ ಯಾವತ್ತೂ ತಮಾಷೆಯೇ ಮೊದಲು ಬರುವುದು.

ಭಾನುವಾರದ ರೇಸಿನಲ್ಲಿ ಎರಡು ಸಲ ಪಿಟ್ಟಿಗೆ ಬರಬೇಕೆಂದು ನಿಯಮ. ದೊರೆ ಒಂಬತ್ತನೆಯವನಾಗಿ ಹೊರಟು, ಮೊದಲ ಪಿಟ್ಟಿನ ಹೊತ್ತಿಗೆ ಆರನೆಯವನಾಗಿದ್ದ. ಆಗ ನಾನು ಎಂದಿನ ಹಾಗೆ "ಹೋಗು" ಎಂದೆ, ಅವನು ಹೋದ. ಎರಡನೆಯ ಸಲ ಒಳಗೆ ಬಂದಾಗ ನಾಲ್ಕನೆಯವನು. ಹದಿನೈದು ಸುತ್ತು ಉಳಿದಿತ್ತು. ನಮ್ಮವರು ಆ ದಿನ ಟೈರು ಬಿಚ್ಚಿ ಹಾಕಿದ್ದು ನೋಡಬೇಕಿತ್ತು, ಹೂವು ಬಿಡಿಸಿದ ಹಾಗೆ. ಹಿಂದೆ ಟೈಲ್ಸ್ ವ್ಯಾಪಾರಿ ಕಿವಿಗೆ ಹತ್ತಿ ಇಟ್ಟುಕೊಂಡು ನಿಂತಿದ್ದ. ಕಾರು ಜಾಕಿಯಿಂದ ನೆಲಕ್ಕೆ ಕುಕ್ಕಿತು. ಹೆಲ್ಮೆಟ್ಟಿನ ಸಂದಿನಲ್ಲಿ ಅವನ ಕಣ್ಣು ಕಂಡವು. ಇನ್ನು ಇವನು ಗೆದ್ದ, ಮಗಳು ಬಂದಳು ಎಂದು ನನ್ನೆದೆ ಉಬ್ಬಿಬಂತು. ಹಲಗೆ ಎತ್ತಿದೆ. ಆ ಹೊತ್ತಿಗೆ ಹೆಂಡತಿಯ ಬೈಗುಳ ನೆನಪಾಗಿತ್ತೋ, ಅಥವಾ ನನ್ನ ಅವ್ವ ನನ್ನನ್ನು ಸ್ಕೂಲಿಗೆ ಕಳಿಸುತ್ತಿದ್ದ ಮಾತೇ ತಾನಾಗಿ ಬಂತೋ, ಬಾಯಿಂದ ಹೊರಟದ್ದು, "ಹೋಗ್ಬಾ, ದೊರೆ."

ಇಂಜಿನ್ ಆರ್ಭಟಿಸುತ್ತಿತ್ತು. ಹೋಗ್ ಎನ್ನುವುದು ಆ ಸದ್ದಿನೊಳಗೆ ಮುಳುಗಿತು. ಅವನ ಕಿವಿಗೆ ಬಿದ್ದದ್ದು ಬಾ.

ಪಿಟ್ಟಿನಿಂದ ಹೊರಟ ಡ್ರೈವರನ್ನು ಆ ಕೂಡಲೇ ಮತ್ತೆ ಕರೆದರೆ ಅದಕ್ಕೆ ಒಂದೇ ಅರ್ಥ: ಯಾವುದೋ ಚಕ್ರದ ನಟ್ಟು ಕೂತಿಲ್ಲ, ಚಕ್ರ ಕಳಚಬಹುದು. ಅವನು ರೇಡಿಯೋದಲ್ಲಿ ಕೇಳಿದನಂತೆ, "ಬಾ? ಗುರೂ, ಬಾ?" ಎಂದು. ಆ ಟ್ರ್ಯಾಕಿನ ಹಿಂಭಾಗದ ದಿಬ್ಬದ ಆಚೆ ನಮ್ಮ ರೇಡಿಯೋ ಸತ್ತುಹೋಗುತ್ತಿತ್ತು. ನನಗೆ ಕೇಳಿಸಿದ್ದು ಬರೀ ಗರಗರ. ನಾನು ವ್ಯಾಪಾರಿಯ ಕಡೆ ತಿರುಗಿ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದೆ. ತಿರುಗಿ ನೋಡಿದರೆ ನಮ್ಮ ಕಾರು ಪಿಟ್ಟಿನ ದಾರಿಯಲ್ಲಿ, ಅಲ್ಲಿಯ ನಿಯಮದ ಪ್ರಕಾರ ಆಮೆಯ ಹಾಗೆ, ನನ್ನ ಕಡೆಗೇ ಬರುತ್ತಿದೆ.

ಯಾರ ಕೈಯಲ್ಲೂ ಏನೂ ಇರಲಿಲ್ಲ. ಓನರ್ ಗೋಡೆ ಹಾರಿ ಬಂದ. ದೊರೆ ಗಾಜಿನಾಚೆಯಿಂದ ನನ್ನನ್ನೇ ನೋಡಿ ಎರಡೂ ಕೈ ಅಗಲಿಸಿದ, ಏನಾಗಿದೆ ಎಂದು. ನನಗೆ ಆಗ ಅರ್ಥವಾಯಿತು. "ಹೋಗು! ಹೋಗು!" ಎಂದು ಕಿರುಚಿದೆ. ಅವನು ಹೋದ. ಹೊರಗೆ ಸೇರಿಕೊಳ್ಳುವಾಗ ಹದಿನೈದನೆಯವನು. ಆ ಹದಿನಾಲ್ಕು ಸುತ್ತಿನಲ್ಲಿ ಅವನು ಓಡಿಸಿದ ಹಾಗೆ ನಾನು ಯಾರೂ ಓಡಿಸಿದ್ದನ್ನು ನೋಡಿಲ್ಲ. ಬಾಗಿಲು ಜಜ್ಜಿಸಿಕೊಂಡು, ಹುಲ್ಲಿನ ಮೇಲೆ ಹಾರಿ, ಒಬ್ಬೊಬ್ಬರನ್ನೇ ದಾಟಿದ. ಏಳನೆಯವನಾಗಿ ಮುಗಿಸಿದ.

ಕಾರಿನಿಂದ ಇಳಿಯುವ ಮೊದಲೇ ಓನರ್ ಅವನ ಮೇಲೆ ಬಿದ್ದ. "ಯಾಕೆ ಬಂದೆ? ಯಾರು ಕರೆದ್ರು ನಿನ್ನ?"

ದೊರೆ ಹೆಲ್ಮೆಟ್ ತೆಗೆದ. ನನ್ನ ಕಡೆ ಒಂದು ಸಲ ನೋಡಿದ. ನಾನು ಹಲಗೆ ಹಿಡಿದುಕೊಂಡೇ ನಿಂತಿದ್ದೆ.

"ಯಾರೂ ಕರೀಲಿಲ್ಲ. ಎಡಗಡೆ ಹಿಂದಿನ ಚಕ್ರ ಅಲ್ಲಾಡಿದ ಹಾಗಾಯ್ತು. ಭಯ ಆಯ್ತು, ಬಂದೆ. ನನ್ನದೇ ತಪ್ಪು."

ಓನರ್ ಹೋಗಿ ಆ ಚಕ್ರವನ್ನು ಎರಡು ಸಲ ಒದ್ದ. ಅದು ಬಂಡೆಯ ಹಾಗೆ ಕೂತಿತ್ತು. ಟೈಲ್ಸ್ ವ್ಯಾಪಾರಿ ಕಿವಿಯ ಹತ್ತಿ ತೆಗೆದು ಜೇಬಿಗೆ ಹಾಕಿಕೊಂಡು ಹೊರಟುಹೋದ.

ಸಿನಿಮಾ ಟಿಕೆಟ್ಟಿನ ಕ್ಯೂನಲ್ಲಿ ನಿಂತರೂ ಹತ್ತು ಜನರನ್ನು ನಗಿಸುವವನು ನಾನು. ಆ ಹೊತ್ತಿಗೆ ನನ್ನ ಬಾಯಿಂದ ಒಂದು ಮಾತು ಹೊರಡಲಿಲ್ಲ. ನಾಳೆ ಹೇಳೋಣ, ಓನರಿನ ಸಿಟ್ಟು ಇಳಿಯಲಿ ಎಂದುಕೊಂಡೆ. ಸೋಮವಾರ ಬೆಳಗ್ಗೆ ಕಾರನ್ನು ಲಾರಿಗೆ ಏರಿಸಿ ನಾನೂ ಓನರೂ ಮೆಲ್ಬರ್ನಿಗೆ ಹೊರಟೆವು. ಹತ್ತು ಗಂಟೆಯ ದಾರಿ, ಮುಂದಿನ ಸೀಟಿನಲ್ಲಿ ಇಬ್ಬರೇ. ದೊರೆ ವಿಮಾನದಲ್ಲಿ ಹೋಗಿದ್ದ. ಆಲ್ಬರಿಯಲ್ಲಿ ಡೀಸೆಲ್ ಹಾಕಿಸಿ, ಪೈ ತಿನ್ನುತ್ತಾ ಕೂತಿದ್ದಾಗ ಓನರ್ ಹೇಳಿದ, "ವಯಸ್ಸಾಯ್ತು ಅವನಿಗೆ. ಮೊದಲು ಧೈರ್ಯ ಹೋಗುತ್ತೆ, ಆಮೇಲೆ ಕೈ ಹೋಗುತ್ತೆ. ನೀನೇನಂತೀಯ?"

ನನ್ನನ್ನೇ ಕೇಳಿದ. ಅಷ್ಟು ವರ್ಷದಲ್ಲಿ ಅವನು ನನ್ನ ಅಭಿಪ್ರಾಯ ಕೇಳಿದ್ದು ಅದೇ ಮೊದಲು. ಬಾಯಿ ತೆರೆದೆ. ತೆರೆದ ಬಾಯಿಂದ ಬಂದದ್ದು, "ನಿಮ್ಮ ಹೆಂಡ್ತಿ ನಿಮ್ಮ ಬಗ್ಗೆಯೂ ಇದನ್ನೇ ಅಂತಿದ್ರು." ಓನರ್ ಗಹಗಹಿಸಿ ನಕ್ಕ. ಅಲ್ಲಿಂದ ಡ್ಯಾಂಡನಾಂಗ್‌ವರೆಗೂ ನಾನು ಅವನನ್ನು ನಗಿಸುತ್ತಲೇ ಬಂದೆ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ಆ ನಗುವಿಗಾಗಿಯೇ ನನಗೆ ಇವತ್ತಿಗೂ ನಾಚಿಕೆ.

ಗುರುವಾರ ಸಂಜೆ ದೊರೆ ನಮ್ಮ ಮನೆಗೆ ಬಂದ. ನನ್ನ ಹೆಂಡತಿ ಕಾಫಿ ಬೆರೆಸುತ್ತಿದ್ದಳು. ಅವನು ಕುರ್ಚಿಯ ತುದಿಯಲ್ಲಿ ಕೂತು, ತಗ್ಗಿದ ದನಿಯಲ್ಲಿ ಕೇಳಿದ, "ಗುರೂ, ಬೈಯೋಕೆ ಬಂದಿಲ್ಲ. ಗೊತ್ತಾಗ್ಬೇಕು ಅಷ್ಟೆ. ಅವತ್ತು ಯಾಕೆ ಬಾ ಅಂದೆ? ನೀನು ಕರೆದೆ ಅಂದ್ಮೇಲೆ ಏನೋ ಕಂಡಿರ್ಬೇಕು ಅಂತ ಬಂದೆ."

"ಬಾ ಅನ್ಲಿಲ್ಲ ನಾನು. ಹೋಗ್ಬಾ ಅಂದೆ."

"ಹಂಗಂದ್ರೆ?"

"ಹೋಗಿ ಬಾ ಅಂತ. ನಮ್ಮಲ್ಲಿ ಮನೆಯವರು ಹೊರಡೋವಾಗ ಹೋಗು ಅನ್ನಲ್ಲ. ಹೋದೋನು ವಾಪಸ್ ಬರ್ಲಿ ಅಂತ ಬಾ ಸೇರಿಸ್ತೀವಿ."

ಅವನು ತನ್ನ ಅಂಗೈ ನೋಡಿಕೊಂಡ. "ಒಳ್ಳೇ ಮಾತೇ," ಎಂದ. ಆಮೇಲೆ, "ನಾನು ಬಂದೆ ನೋಡು," ಎಂದು ನಕ್ಕ. ನನಗೆ ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

"ಓನರ್‌ಗೆ ಯಾಕೆ ಹೇಳ್ಲಿಲ್ಲ ನೀನು? ನಾನು ಕರೆದೆ ಅಂತ?"

"ನಿನ್ನ ಕೆಲಸ ಹೋಗಿದ್ರೆ ಈ ವಯಸ್ಸಲ್ಲಿ ನಿಂಗೆ ಯಾರು ಕೊಡ್ತಾರೆ? ನಂಗೆ ಎಲ್ಲಾದ್ರೂ ಒಂದು ಸೀಟು ಸಿಗುತ್ತೆ ಅಂದ್ಕೊಂಡೆ."

ಕಾಫಿ ಲೋಟ ಹಿಡಿದು ನನ್ನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಅವಳಿಗೆ ಇಂಗ್ಲಿಷ್ ಬರುವುದಿಲ್ಲವೆಂದು ನಾನು ಎಲ್ಲರಿಗೂ ಹೇಳಿ ಗೇಲಿ ಮಾಡುತ್ತಿದ್ದೆ. ಅವಳಿಗೆ ಎಲ್ಲವೂ ಅರ್ಥವಾಗಿತ್ತು. ಅವನು ಹೋದ ಮೇಲೆ ಕೇಳಿದಳು, "ಆ ಮಾತು ನಾನು ಹೇಳಿಕೊಟ್ಟೆ. ನಂದೂ ತಪ್ಪಿದೆ. ಆದ್ರೆ ನಾಲ್ಕು ದಿನ ಆಯ್ತಲ್ರೀ, ಓನರ್‌ಗೆ ಹೇಳಿದ್ರಾ?"

"ಇಲ್ಲ."

"ಊರಿಗೆಲ್ಲ ಮಾತಾಡ್ತೀರಿ," ಎಂದು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಶುಕ್ರವಾರ ಶೆಡ್ಡಿನ ಬೀಗ ತೆಗೆಯುವ ಹೊತ್ತಿಗೇ ಹೋಗಿ ಓನರಿನ ಮುಂದೆ ನಿಂತೆ. ನನ್ನ ನಾಲಗೆ, ನನ್ನ ಮಾತು, ನನ್ನ ತಪ್ಪು, ಅವನು ಧೈರ್ಯ ಕಳೆದುಕೊಂಡವನಲ್ಲ, ಹೇಳಿದ ಮಾತು ಕೇಳಿದವನು, ಎಂದು ಒಂದೇ ಉಸಿರಿಗೆ ಹೇಳಿದೆ. ಒಂದೂ ತಮಾಷೆ ಸೇರಿಸದೆ ನಾನು ಅಷ್ಟುದ್ದ ಮಾತಾಡಿದ್ದು ಜೀವನದಲ್ಲಿ ಅದೊಂದೇ ಸಲ.

ಓನರ್ ಬೀಗದ ಕೈ ತಿರುಗಿಸುವುದನ್ನು ನಿಲ್ಲಿಸಿದ. "ಆಲ್ಬರಿಯಲ್ಲಿ ಕೇಳಿದ್ನಲ್ಲ ನಿನ್ನ."

"ಕೇಳಿದ್ರಿ."

"ಬುಧವಾರ ಟೈಲ್ಸ್‌ನವನು ಫೋನ್ ಮಾಡಿ ಒಂದೇ ಮಾತು ಕೇಳ್ದ. ಇವನಿಗೆ ಧೈರ್ಯ ಹೋಗಿದ್ಯಾ ಅಂತ. ಹೋಗಿದೆ ಅಂದೆ. ನಿನ್ನೆ ಇನ್ನೊಬ್ಬನಿಗೆ ಸೈನ್ ಮಾಡ್ಕೊಟ್ಟೆ." ಬಾಗಿಲು ತಳ್ಳಿದ. "ಮಂಗಳವಾರ ಹೇಳಿದ್ರೂ ಸಾಕಿತ್ತು."

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆಯುತ್ತಾನೆಂದು ಕಾದೆ. ಅವನು ದೀಪ ಹಾಕಿ, ಗೇರ್‌ಬಾಕ್ಸ್ ಬಿಚ್ಚಬೇಕು, ಶುರುಮಾಡು ಎಂದ.

ಶನಿವಾರ ಬೆಳಗ್ಗೆ ದೊರೆಯ ಬಾಡಿಗೆ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಮುಂದಿನ ವಾರದ ವಿಮಾನಕ್ಕೆ ಟಿಕೆಟ್ ಬುಕ್ ಮಾಡಿಯಾಗಿತ್ತು. ಒಳಗಿನ ಸಣ್ಣ ಕೋಣೆಯಲ್ಲಿ ಅವನು ಮೊಣಕಾಲೂರಿ ಕೂತು ಒಂದು ಮಂಚ ಬಿಚ್ಚುತ್ತಿದ್ದ. ಬಿಳಿ ಬಣ್ಣದ್ದು, ಚಿಕ್ಕದು. ಹಾಸಿಗೆಯ ಮೇಲಿನ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ. ಸಿಡ್ನಿಗೆ ಹೊರಡುವ ಮೊದಲೇ ತಂದು ಕೂರಿಸಿಟ್ಟಿದ್ದನಂತೆ. ನನಗೆ ಹೇಳಿರಲಿಲ್ಲ.

"ಓನರ್‌ಗೆ ಹೇಳ್ಬಿಟ್ಟೆ," ಎಂದೆ. "ಗುರುವಾರವೇ ಸೈನ್ ಆಗೋಗಿತ್ತಂತೆ. ನಾನು ಮೊದ್ಲೇ..."

"ಆ ಕಡೆ ಹಿಡ್ಕೋ," ಎಂದ.

ಹಿಡಿದುಕೊಂಡೆ. ಅವನು ಬೋಲ್ಟುಗಳನ್ನು ತೆಗೆದು ತೆಗೆದು ನನ್ನ ಕೈಗೆ ಕೊಟ್ಟ. ಇಬ್ಬರೂ ಸೇರಿ ಹಲಗೆಗಳನ್ನು ಹೊತ್ತು ಮನೆಯ ಮುಂದಿನ ಹುಲ್ಲಿನ ಮೇಲೆ ಇಟ್ಟೆವು. ಇಲ್ಲಿ ಬೇಡವಾದದ್ದನ್ನು ಹಾಗೆ ಇಟ್ಟರೆ ಬೇಕಾದವರು ಒಯ್ಯುತ್ತಾರೆ. ಅರ್ಧ ಗಂಟೆಯಲ್ಲೇ ಒಂದು ಹಳೇ ಸ್ಟೇಷನ್ ವ್ಯಾಗನ್ ನಿಂತಿತು. ಗಂಡ, ಹೆಂಡತಿ, ಹಿಂದೆ ಒಂದು ಪುಟ್ಟ ಹುಡುಗಿ. ಈ ದೇಶಕ್ಕೆ ಹೊಸದಾಗಿ ಬಂದವರು ಎಂದು ಅವರು ಮಂಚವನ್ನು ಮುಟ್ಟುವ ಬಗೆಯಲ್ಲೇ ತಿಳಿಯುತ್ತಿತ್ತು.

"ತಗೊಳ್ಬಹುದಾ? ಚೆನ್ನಾಗಿದೆಯಲ್ಲ, ಯಾಕೆ ಬಿಸಾಕ್ತಿದೀರಿ?" ಎಂದು ಆ ಹೆಂಗಸು ಕೇಳಿದಳು.

"ಇದರಲ್ಲಿ ಯಾರೂ ಮಲಗಿಲ್ಲ," ಎಂದ ದೊರೆ, ಅವಳ ಪ್ರಶ್ನೆ ಅದೇ ಎನ್ನುವ ಹಾಗೆ.

ಅವರ ಕಾರಿನ ಮೇಲೆ ಹಲಗೆಗಳನ್ನು ಅವನೇ ಏರಿಸಿದ. ಹಗ್ಗವನ್ನು ಅವನೇ ಕಟ್ಟಿದ. ಗಂಡಸು ಕಟ್ಟಿದ್ದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿ, ಎರಡು ಸಲ ಜಗ್ಗಿ ನೋಡಿದ. ಹುಡುಗಿ ಕಿಟಕಿಯಿಂದ ಕೈ ಬೀಸಿದಳು. ಕಾರು ಹೊರಟಿತು. ಏನು ಮಾತಾಡಲಿ ಎಂದು ಯೋಚಿಸುತ್ತಾ ನಾನು ಪ್ಯಾಂಟಿನ ಜೇಬಿಗೆ ಕೈ ಹಾಕಿದರೆ, ಬೋಲ್ಟುಗಳೆಲ್ಲ ನನ್ನ ಹತ್ತಿರವೇ ಇವೆ.

ಹೊರಗೆ ತೆಗೆದು ಅಂಗೈಯಲ್ಲಿ ತೋರಿಸಿದೆ. ಅವನು ಒಂದು ಕ್ಷಣ ನೋಡಿದ. ಅಷ್ಟನ್ನೂ ಬಾಚಿಕೊಂಡು, ಕಾಲಿನಲ್ಲಿ ಬರೀ ಸಾಕ್ಸು, ರಸ್ತೆಯ ನಡುವೆ ಆ ಕಾರಿನ ಹಿಂದೆ ಓಡಿದ. ಕೈ ಬೀಸುತ್ತಾ, ಕೂಗುತ್ತಾ. ಕಾರು ಮೂಲೆ ತಿರುಗಿತು, ಅವನೂ ತಿರುಗಿದ. ನಾನು ಓಡಲಾರದೆ ಹುಲ್ಲಿನ ಮೇಲೆ ನಿಂತಿದ್ದೆ.

ತುಂಬಾ ಹೊತ್ತಾದ ಮೇಲೆ ನಡೆದುಕೊಂಡು ಬಂದ. ಏದುಸಿರು, ಸಾಕ್ಸು ಹರಿದು ಒಂದು ಹೆಬ್ಬೆರಳು ಹೊರಗೆ ಬಂದಿತ್ತು.

"ಸಿಗ್ನಲ್‌ನಲ್ಲಿ ಸಿಕ್ಕಿದ್ರು," ಎಂದ.

ನನ್ನನ್ನು ದಾಟಿಕೊಂಡು ಒಳಗೆ ಹೋಗಿ, ಪೊರಕೆ ತೆಗೆದುಕೊಂಡು ಆ ಸಣ್ಣ ಕೋಣೆಯನ್ನು ಗುಡಿಸತೊಡಗಿದ.